ಮೇಲಿನವರ ನಿಯತ್ತು

ಹಳೇಬೀಡಿನಿಂದ ಅರಸೀಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ, ಕೈ ತೋರಿಸಿದರೆ ಮಾತ್ರ ಬಸ್ಸು ನಿಲ್ಲುವ ಊರು ಕೆಂಚೇನಹಳ್ಳಿ. ಅಲ್ಲಿನ ಮಹಿಳಾ ಹಾಲು ಸಂಘದಿಂದ ಬೆಳಿಗ್ಗೆ ವ್ಯಾನಿನಲ್ಲಿ ಹಾಲು ಒಕ್ಕೂಟಕ್ಕೆ ಹೋಗಿದ್ದ ಕ್ಯಾನುಗಳು ಒಂದು ಸೋಮವಾರ ಹೋದ ಹಾಗೆಯೇ ತಿರುಗಿ ಬಂದವು. ಡ್ರೈವರ್ ಇಳಿದವನು ಯಾರ ಮುಖವನ್ನೂ ನೋಡಲಿಲ್ಲ.

"ಅಲ್ಲಿ ಕುದಿಸಿ ನೋಡಿದ್ರು, ಒಡೆದೋಯ್ತು. ನಿಮ್ಮೂರೋರು ಯಾರೋ ಗಿಣ್ಣು ಸುರಿದವ್ರೆ," ಅಂದ.

ಹೆಂಗಸರೆಲ್ಲ ನಿಂತು ನೋಡುತ್ತಿದ್ದ ಹಾಗೆಯೇ ಊರಿನ ಅಷ್ಟೂ ಹಾಲು ಚರಂಡಿಗೆ ಹೋಯಿತು. ಯಾರೋ ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನೊಬ್ಬಳು ಚರಂಡಿಗೆ ಕೈಮುಗಿದಳು. ನಾಯಿಗಳು ಬಂದವು.

ಗಿಣ್ಣು ಅಂದರೆ ಆಗಷ್ಟೇ ಕರು ಹಾಕಿದ ಹಸುವಿನ ಹಾಲು. ಹಳದಿಯಾಗಿರುತ್ತದೆ, ಕಾಯಿಸಿದರೆ ಗಟ್ಟಿಯಾಗುತ್ತದೆ. ಕರು ಕುಡಿದು ಮಿಕ್ಕದ್ದನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಮನೆಯವರು, ಅಕ್ಕಪಕ್ಕದವರು ತಿನ್ನುತ್ತಾರೆ. ಮಾರುವುದಿಲ್ಲ. ಕರು ಹಾಕಿ ಒಂದು ವಾರ ಆಗುವವರೆಗೆ ಆ ಹಾಲನ್ನು ಡೇರಿಗೆ ತರಬಾರದು ಅಂತ ಸಂಘದ ಗೋಡೆಯ ಮೇಲೆ ಬರೆದಿದೆ. ಬರೆಯದಿದ್ದರೂ ಯಾರೂ ತರುತ್ತಿರಲಿಲ್ಲ. ಜಗಳ ವಿಪರೀತಕ್ಕೆ ಹೋದಾಗ "ನಿಮ್ಮಮ್ಮ ಗಿಣ್ಣು ಮಾರಿದೋಳು" ಅನ್ನುವುದು ಆ ಊರಿನಲ್ಲಿ ಬೈಗುಳ.

ಸುರಿದವಳು ಸಂಘದ ಅಧ್ಯಕ್ಷೆ ಗುರುಸಿದ್ದಮ್ಮ.

ಸಂಘ ಶುರುವಾದಾಗಿನಿಂದ ಅವರೇ ಅಧ್ಯಕ್ಷರು. ಚುನಾವಣೆ ಅಂತ ನಡೆದೇ ಇಲ್ಲ; ಪ್ರತಿ ಸಲವೂ ಯಾರಾದರೊಬ್ಬರು "ಅಮ್ಮೋರೇ ಇರ್ಲಿ" ಅನ್ನುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಗಂಡ ಷಡಕ್ಷರಪ್ಪನವರದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ, ಊರಿನಲ್ಲಿ ತೆಂಗಿನ ತೋಟ. ಹಾಲಿನ ಆದಾಯದ ಮೇಲೆ ಬದುಕಬೇಕಾದ ಮನೆಯಲ್ಲ. ಆದರೂ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಅತಿ ಹೆಚ್ಚು ಹಾಲು ಹಾಕಿದವರಿಗೆ ಹಾರ ಹಾಕಿ ಒಂದು ಸ್ಟೀಲಿನ ಕೊಳಗ ಕೊಡುತ್ತಾರಲ್ಲ, ಅದು ಎಂದೂ ಅವರ ಮನೆ ಬಿಟ್ಟು ಬೇರೆ ಮನೆಗೆ ಹೋದದ್ದಿಲ್ಲ. ಅಟ್ಟದ ಮೇಲೆ ಒಂದರೊಳಗೊಂದು ಬೋರಲು ಹಾಕಿಟ್ಟಿದ್ದರು. ಈ ವರ್ಷ ದ್ರಾಕ್ಷಾಯಣಿ ಹೆಚ್ಚು ಹಾಲು ಕೊಡುವ ಎರಡು ಎಚ್ಚೆಫ್ ಸೀಮೆಹಸು ಕಟ್ಟಿ ಹತ್ತಿರ ಬಂದಿದ್ದಳು. ಮದುವೆಯಾಗಿ ಬಂದು ಇನ್ನೂ ಸರಿಯಾಗಿ ಊರಿನವರ ಹೆಸರು ಗೊತ್ತಿಲ್ಲದ ಹುಡುಗಿ. ವರ್ಷದ ಲೆಕ್ಕ ಮುಗಿಯುವುದಕ್ಕೆ ಕೆಲವೇ ದಿನ ಇತ್ತು, ಅಷ್ಟರಲ್ಲಿ ಗುರುಸಿದ್ದಮ್ಮನ ತೋಟದ ಮನೆಯ ದೊಡ್ಡ ಹಸು ಕರು ಹಾಕಿತು. ಹಾಲಿದೆ, ಹಾಕುವ ಹಾಗಿಲ್ಲ. ನಾಲ್ಕನೆಯ ದಿನ ಅವರಿಗೆ ತಡೆಯಲಾಗಲಿಲ್ಲ.

ಹಾಲು ಪರೀಕ್ಷೆ ಮಾಡಿ ಸುರಿದುಕೊಳ್ಳುವ ಕೆಲಸ ಹನುಮಮ್ಮನದು.

"ಸುರ್ಕೊಳೇ ಹನುಮಿ. ನಾಕು ದಿನ ಆಯ್ತು, ಏನೂ ಆಗಲ್ಲ," ಅಂದಿದ್ದರು ಗುರುಸಿದ್ದಮ್ಮ, ಕ್ಯಾನಿನ ಮುಚ್ಚಳ ತೆಗೆಯುತ್ತ.

"ಅಕ್ಕ, ಇನ್ನೂ ಹಳದಿ ಐತಲ್ಲ?"

"ದೊಡ್ಡ ಹಸೀನ ಹಾಲು ಯಾವಾಗ್ಲೂ ಹಂಗೇ ಕಣೇ. ಹಿಂದೆ ಜನ ನಿಂತವ್ರೆ, ಸುರ್ಕೊ."

ಹನುಮಮ್ಮ ಹಾಲಿನ ಗಟ್ಟಿತನ ನೋಡುವ ಡಿಗ್ರಿ ಕಡ್ಡಿ ಅದ್ದಲಿಲ್ಲ. ಅಧ್ಯಕ್ಷರ ಹಾಲಿಗೆ ಅವಳು ಎಂದೂ ಅದ್ದಿದವಳಲ್ಲ. ಸುರಿದುಕೊಂಡಳು.

ಒಕ್ಕೂಟದಿಂದ ಅಧಿಕಾರಿ ಬಂದು ಯಾರದು ಅಂತ ಕೇಳಿದಾಗ, ಗುರುಸಿದ್ದಮ್ಮ ಗಂಟಲು ಸರಿಮಾಡಿಕೊಂಡದ್ದು ನಿಜ. ಏನು ಹೇಳುವುದಕ್ಕೆ ಅಂತ ಅವರಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಹನುಮಮ್ಮ ಮುಂದೆ ಬಂದು, "ನಂದೇ ಸಾ. ನಮ್ಮನೆ ಹಸು ಮೊನ್ನೆ ಕರ ಹಾಕ್ತು. ಆಸೆ ಬಿದ್ದು ಸುರಿದ್ಬಿಟ್ಟೆ," ಅಂದಳು.

ಗುರುಸಿದ್ದಮ್ಮ ಬಾಯಿ ಮುಚ್ಚಿಕೊಂಡರು. ಅಷ್ಟೇ ಮಾಡಿದ್ದು. ಸುಳ್ಳು ಹೇಳಲಿಲ್ಲ, ಒಂದು ಅಕ್ಷರವನ್ನೂ ಹೇಳಲಿಲ್ಲ. ಆಮೇಲೆ ಅದನ್ನೇ ತಮಗೆ ತಾವು ಹೇಳಿಕೊಳ್ಳುತ್ತಿದ್ದರು.

ಪರೀಕ್ಷೆ ಮಾಡುವವಳೇ ಗಿಣ್ಣು ಸುರಿದರೆ ಆ ಜಾಗದಲ್ಲಿ ಅವಳನ್ನು ಇಟ್ಟುಕೊಳ್ಳುವುದು ಹೇಗೆ? ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಅವಳನ್ನು ತೆಗೆಯುವುದು ಅಂತ ಮಾತಾಯಿತು. ಹನುಮಮ್ಮ ತಲೆಯಾಡಿಸಿದಳು. ಗಂಡ ಸತ್ತಾಗ ಭಾವಂದಿರು ಅವಳನ್ನು ಹೊರಗೆ ಹಾಕಲು ನೋಡಿದ್ದರು. ಗುರುಸಿದ್ದಮ್ಮ ಆ ಮನೆಯ ಹೊಸ್ತಿಲ ಮೇಲೆ ಕುಳಿತು, "ಇವಳ ಪಾಲು ಇವಳಿಗೆ ಬಿಡೋವರ್ಗೂ ನಾನು ಏಳಾಕಿಲ್ಲ" ಅಂತ ಊಟ ಬಿಟ್ಟು ಹಟ ಹಿಡಿದಿದ್ದರು. ಕೈಹಿಡಿದು ಓದು ಬರಹ ಕಲಿಯಲು ಕರೆದುಕೊಂಡು ಹೋದವರೂ ಅವರೇ, ಸಂಘದಲ್ಲಿ ಕೆಲಸ ಕೊಡಿಸಿದವರೂ ಅವರೇ. ಆವತ್ತಿನಿಂದ ಗುರುಸಿದ್ದಮ್ಮ ಎತ್ತ ತಿರುಗಿದರೆ ಹನುಮಿ ಅತ್ತ.

ಆ ವಾರ ಬೀದಿಯಲ್ಲಿ ಹೆಂಗಸರು ಹನುಮಮ್ಮನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಹಿಂದಿನಿಂದ ಯಾರೋ ಆ ಬೈಗುಳವನ್ನೂ ಅಂದರು. ಗುರುಸಿದ್ದಮ್ಮನ ಕಿವಿಗೂ ಬಿತ್ತು.

ಸಭೆಗೆ ಎರಡು ದಿನ ಇರುವಾಗ ಚಿದಂಬರ ಫೋನ್ ಮಾಡಿದ. ಚಿದಂಬರ ಗುರುಸಿದ್ದಮ್ಮನ ತಂಗಿಯ ಮಗ. ಹಳೇಬೀಡಿನ ದೇವಸ್ಥಾನದಲ್ಲಿ ಪ್ರವಾಸಿಗಳಿಗೆ ಗೈಡು.

"ದೊಡ್ಡಮ್ಮ, ಫ್ರಾನ್ಸಿಂದ ಒಬ್ರು ಬಂದವ್ರೆ. ಓಡಿಲ್ ಅಂತ, ವಯಸ್ಸಾದೋರು. ಕಾದಂಬರಿ ಬರೀತಾರಂತೆ. ಹಳೇ ಕಾಲದ ರಾಜರು, ರಾಜರ ಕಾವಲಿನೋರು, ಬರೀ ಅದೇ. ಇಲ್ಲಿ ಗರುಡಗಂಬ ನೋಡೋಕೇ ಅಂತ ಬಂದಿರೋದು. ಹಳ್ಳೀಲಿ ಹೆಂಗಸ್ರ ಲೀಡರ್ ಯಾರಾದ್ರೂ ಇದ್ರೆ ಮಾತಾಡಿಸ್ಬೇಕು ಅಂದ್ರು. ನಾನು ನಿಮ್ಮ ಹೆಸ್ರು ಹೇಳ್ಬಿಟ್ಟೆ."

"ನಂದ್ಯಾಕೋ ಹೇಳ್ದೆ?"

"ನಮ್ಮ ಕಡೆ ಇನ್ಯಾರವ್ರೆ ಹೇಳಿ ಮತ್ತೆ?"

ಗುರುಸಿದ್ದಮ್ಮನಿಗೆ ಒಳಗೇ ಹಿಗ್ಗು. ಮರುದಿನ ಬೆಳಿಗ್ಗೆ ಎದ್ದು ಇಳಕಲ್ ಸೀರೆ ಉಟ್ಟರು. ಹನುಮಮ್ಮನ ಮನೆ ಮುಂದೆ ನಿಂತು ಎಂದಿನ ಹಾಗೆ "ಬಾರೇ" ಅಂದರು. ಒಬ್ಬರೇ ಹೋದರೆ ಲೀಡರ್ ಅನ್ನುವುದು ಹೇಗೆ ಗೊತ್ತಾಗಬೇಕು? ಹನುಮಮ್ಮ ಕೈ ಒರೆಸಿಕೊಂಡು ಹೊರಟಳು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟು.

ಗರುಡಗಂಬ ದೇವಸ್ಥಾನದ ಪಕ್ಕದಲ್ಲೇ ಇದೆ, ಹುಲ್ಲಿನ ನಡುವೆ. ಗುರುಸಿದ್ದಮ್ಮ ಅದರ ನೆರಳಿನಲ್ಲಿ ಎಷ್ಟೋ ಸಲ ಚಿತ್ರಾನ್ನದ ಪೊಟ್ಟಣ ಬಿಚ್ಚಿದ್ದಾರೆ. ತಲೆಯೆತ್ತಿ ನೋಡಿದ್ದಿಲ್ಲ. ಫ್ರಾನ್ಸಿನ ಹೆಂಗಸು ಚಪ್ಪಲಿ ಬಿಚ್ಚಿಟ್ಟು ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತಿದ್ದರು. ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು. ಇವರನ್ನು ಕಂಡ ತಕ್ಷಣ ಎದ್ದು ಕೈಮುಗಿದರು, ಮತ್ತೆ ಕೂರುವಾಗ ಮಂಡಿ ಹಿಡಿದುಕೊಂಡು ಏನೋ ಅಂದರು.

"ಮಂಡಿ ನೋವಂತೆ," ಅಂದ ಚಿದಂಬರ.

"ಹರಳೆಣ್ಣೆ ಹಚ್ಚೋಕೆ ಹೇಳಪ್ಪ," ಅಂದಳು ಹನುಮಮ್ಮ.

ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡುತ್ತಿದ್ದರು, ಚಿದಂಬರ ಕನ್ನಡಕ್ಕೆ ಮಾಡುತ್ತಿದ್ದ. ಮೊದಲು ಅವನೇ ಕಂಬದ ಕಥೆ ಹೇಳಿದ. ಗರುಡರು ಅಂದರೆ ಹೊಯ್ಸಳ ರಾಜರ ಅಂಗರಕ್ಷಕರು. ರಾಜ ಇರುವವರೆಗೆ ಅವನ ಮೈಗಾವಲು, ರಾಜ ಸತ್ತರೆ ತಾವೂ ಸಾಯುತ್ತೇವೆ ಅಂತ ಭಾಷೆ ಕೊಟ್ಟವರು. ಕುವರ ಲಕ್ಷ್ಮ ಅನ್ನುವವನೂ ಅವನ ಹೆಂಡತಿಯೂ ಸಂಗಡಿಗರೂ ಹಾಗೆ ಸತ್ತರು, ಅವರ ಕಂಬ ಇದು. ಚಿದಂಬರ ಬೆರಳು ತೋರಿಸಿದ ಕಡೆ ಒಂದು ಸಣ್ಣ ಗೊಂಬೆ, ತನ್ನ ತಲೆಯನ್ನು ತಾನೇ ಕತ್ತರಿಸಿಕೊಳ್ಳಲು ಕತ್ತಿ ಹಿಡಿದದ್ದು.

"ಹೆಂಡ್ರೂನಾ?" ಅಂದಳು ಹನುಮಮ್ಮ. "ಅವಳನ್ನ ಯಾರಾದ್ರೂ ಒಂದ್ಮಾತು ಕೇಳಿದ್ರಾ?"

ಚಿದಂಬರ ಅದನ್ನು ಇಂಗ್ಲಿಷಿಗೆ ಮಾಡಿದ. ಫ್ರಾನ್ಸಮ್ಮ ಜೋರಾಗಿ ನಕ್ಕು ಹನುಮಮ್ಮನ ಕೈ ಹಿಡಿದುಕೊಂಡರು. ಮಾತು ಮುಗಿಯುವವರೆಗೂ ಆ ಕೈ ಬಿಡಲಿಲ್ಲ. ಗುರುಸಿದ್ದಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡರು.

"ಏನಂತಾವ್ರೆ ಅಂದ್ರೆ," ಚಿದಂಬರ ಹೇಳಿದ, "ಆಳು ತನ್ನ ರಾಜನಿಗೋಸ್ಕರ ಪ್ರಾಣ ಕೊಟ್ಟ ಅಂತ ಬರೆಯೋದು ಸುಲಭವಂತೆ. ಓದೋರು ಅಳ್ತಾರಂತೆ. ಇವರು ಅದನ್ನೇ ಬರೆದು ಹೆಸ್ರು ಮಾಡಿದ್ದಂತೆ. ವಯಸ್ಸಾದ್ಮೇಲೆ, ರಾಜ ಆ ಆಳಿಗೋಸ್ಕರ ಏನು ಕೊಟ್ಟ ಅಂತ ಹುಡುಕ್ತಾವ್ರಂತೆ. ಅವರ ದೇಶದಲ್ಲಿ ಸಿಕ್ಕಿದ್ದು ಒಂದು ಕಲ್ಲು, ಒಂದು ತುಂಡು ಜಮೀನು. ಅದೂ ಆಳು ಸತ್ತ್ಮೇಲೆ. ಇಲ್ಲೇನಾದ್ರೂ ಬೇರೆ ಥರ ಇದ್ಯಾ ಅಂತ ನೋಡೋಕೆ ಬಂದ್ರಂತೆ. ಇಲ್ಲೂ ಕಲ್ಲೇ."

ಆಮೇಲೆ ಆಕೆ ಗುರುಸಿದ್ದಮ್ಮನ ಕಡೆ ತಿರುಗಿದರು. ಸಂಘದಲ್ಲಿ ಎಷ್ಟು ಜನ, ಏನು ಕೆಲಸ, ಗಂಡಸರು ಮಾತು ಕೇಳುತ್ತಾರಾ, ಎಲ್ಲ ಕೇಳಿದರು. ಗುರುಸಿದ್ದಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದರು. ಆಕೆ ಹನುಮಮ್ಮನನ್ನು ತೋರಿಸಿ, ಇವರು ಯಾರು ಅಂದರು. "ನನ್ನ ಬಲಗೈ," ಅಂದರು ಗುರುಸಿದ್ದಮ್ಮ. ಆಗ ಆಕೆ ಒಂದು ಸಣ್ಣ ಪ್ರಶ್ನೆ ಕೇಳಿದರು. ಚಿದಂಬರ ಅಲ್ಲಿ ತಡವರಿಸಿದ.

"ಅದು... ಕನ್ನಡದಲ್ಲಿ ನಿಷ್ಠೆ ಅಂತ ಬರುತ್ತೆ. ಆದ್ರೆ ಅದು ಪೂಜೆಗೆ ಹೇಳ್ದಂಗಾಯ್ತು. ನಮ್ಮ ಮಾತಲ್ಲಿ... ಹ್ಞಾ, ನಿಯತ್ತು. ದೊಡ್ಡಮ್ಮ, ಹನುಮಕ್ಕನ ನಿಯತ್ತು ಕಾಣ್ತಾ ಐತೆ, ಅವಳ ಬಗ್ಗೆ ನಿಮ್ಮ ನಿಯತ್ತು ಏನು ಅಂತ ಕೇಳ್ತಾವ್ರೆ."

ಗುರುಸಿದ್ದಮ್ಮನ ಮುಖ ಬಿಗಿಯಿತು.

ನಿಯತ್ತು ಅನ್ನುವುದು ಆ ಕಡೆ ಆಳಿಗೆ ಇರಬೇಕಾದದ್ದು. ನಾಯಿಗೆ, ಎತ್ತಿಗೆ, ತೋಟ ಕಾಯುವವನಿಗೆ. "ನಿಯತ್ತಿನ ಮನುಷ್ಯ" ಅಂದರೆ ಅವನು ಇನ್ನೊಬ್ಬರ ಮನೆಯಲ್ಲಿ ದುಡಿಯುವವನು ಅಂತಲೇ ಅರ್ಥ. ಯಜಮಾನರನ್ನು ಹಿಡಿದು ನಿಮ್ಮ ನಿಯತ್ತು ಏನು ಅಂತ ಕೇಳಿದರೆ ಅದು ಪ್ರಶ್ನೆ ಅಲ್ಲ, ಕಪಾಳಕ್ಕೆ ಹೊಡೆದ ಹಾಗೆ.

"ನಿಯತ್ತಾ? ನಾನೇನು ಅವಳ ಮನೆ ಆಳೇನೋ?"

"ಅಯ್ಯೋ, ತಪ್ಪಾಯ್ತು, ಹಂಗಲ್ಲ ದೊಡ್ಡಮ್ಮ, ಮಾತು ಸಿಗ್ಲಿಲ್ಲ..."

"ಹೇಳಪ್ಪ ಅವರ್ಗೆ," ಹನುಮಮ್ಮ ನಡುವೆ ಬಾಯಿ ಹಾಕಿದಳು. ಅಕ್ಕನಿಗೆ ಮುಜುಗರ ಆದದ್ದನ್ನು ಅವಳು ಅಕ್ಕನಿಗಿಂತ ಮೊದಲು ಕಂಡಿದ್ದಳು. "ಅಕ್ಕ ನಂಗೆ ಮಾಡದೇ ಇರೋದು ಏನೂ ಇಲ್ಲ ಅಂತ ಹೇಳು. ಹೊಸ್ಲು ಮೇಲೆ ಉಪಾಸ ಕೂತು ನಂಗೆ ಮನೆ ಉಳಿಸ್ಕೊಟ್ಳು. ಅಕ್ಷರ ಕಲಿಸಿದ್ಳು. ಕೆಲ್ಸ ಕೊಡ್ಸಿದ್ಳು. ಹೇಳು, ಹೇಳು."

ಚಿದಂಬರ ಹೇಳಿದ. ಫ್ರಾನ್ಸಮ್ಮ ಕೇಳಿಸಿಕೊಂಡು, ಗುರುಸಿದ್ದಮ್ಮನನ್ನೇ ನೋಡುತ್ತ ಮೆಲ್ಲಗೆ ಏನೋ ಅಂದರು.

"ಏನಂತೆ?" ಅಂದರು ಗುರುಸಿದ್ದಮ್ಮ.

"ಏನಿಲ್ಲ ಬಿಡಿ."

"ಹೇಳೋ."

"ನಿಮ್ಮನ್ನ ಕೇಳಿದ್ದಕ್ಕೂ ಹನುಮಕ್ಕಾನೇ ಉತ್ತರ ಕೊಟ್ರಲ್ಲ, ಅಂತ."

ಅಷ್ಟೇ ಮಾತು. ಆಕೆಗೆ ಗಿಣ್ಣಿನ ಕಥೆ ಗೊತ್ತಿರುವುದಕ್ಕೆ ಸಾಧ್ಯವೇ ಇರಲಿಲ್ಲ. ಗುರುಸಿದ್ದಮ್ಮನಿಗೆ ಮಾತ್ರ, ಆ ಬಿಸಿಲಿನಲ್ಲಿ, ಅಷ್ಟು ಜನ ಪ್ರವಾಸಿಗಳು ಓಡಾಡುವ ಜಾಗದಲ್ಲಿ, ಸೆರಗು ಜಾರಿದ ಹಾಗಾಯಿತು.

ಹನುಮಮ್ಮನೇ ಮಾತು ಬದಲಿಸಿದಳು. "ಇವರ್ಗೆ ಮದ್ವೆ ಆಗೈತಾ ಕೇಳು."

ಆಗಿತ್ತಂತೆ. ಗಂಡ ತೀರಿಕೊಂಡಿದ್ದಾರಂತೆ. ಬರೆದದ್ದನ್ನೆಲ್ಲ ಮೊದಲು ಅವರಿಗೆ ಓದಿ ಹೇಳುತ್ತಿದ್ದರಂತೆ. ಎಲ್ಲರೂ ಹೊಗಳುತ್ತಿದ್ದ ಕಾಲದಲ್ಲಿ ಗಂಡ ಒಬ್ಬರೇ, ಇದು ಚೆನ್ನಾಗಿಲ್ಲ, ಹರಿದು ಹಾಕು ಅನ್ನುತ್ತಿದ್ದರಂತೆ. ಇವರು ತಟ್ಟೆ ಎಸೆಯುತ್ತಿದ್ದರಂತೆ. ಆಮೇಲೆ ಹರಿದು ಹಾಕುತ್ತಿದ್ದರಂತೆ.

"'ಈಗ ಯಾರೂ ಬೇಡ ಅನ್ನೋರಿಲ್ಲ, ಪುಸ್ತಕ ಜಾಸ್ತಿ ಮಾರಾಟ ಆಗ್ತವೆ, ಒಂದೂ ಚೆನ್ನಾಗಿರಲ್ಲ' ಅಂತಾವ್ರೆ," ಅಂದ ಚಿದಂಬರ. "'ಬೇಡ ಅಂದಿದ್ದೇ ನನ್ನ ಮೇಲಿನ ಪ್ರೀತಿ ಅಂತ ಅವರು ಹೋದ್ಮೇಲೆ ಗೊತ್ತಾಯ್ತು' ಅಂತ."

"ನಾನೂ ಅಂದೆ," ಅಂದಳು ಹನುಮಮ್ಮ ಸಣ್ಣ ದನಿಯಲ್ಲಿ. "ಹಳದಿ ಐತೆ ಅಂದೆ."

"ಏನು ಹನುಮಕ್ಕ?"

"ಏನಿಲ್ಲ ಕಣಪ್ಪ. ಬಿಸ್ಲು ಜಾಸ್ತಿ ಆಯ್ತು."

ಬಸ್ಸಿನಲ್ಲಿ ಬರುವಾಗ ಗುರುಸಿದ್ದಮ್ಮ ಕಿಟಕಿ ಕಡೆಗೆ ಮುಖ ಮಾಡಿ ಕುಳಿತಿದ್ದರು. ಹನುಮಮ್ಮನ ಕಡೆ ನೋಡದೆಯೇ, "ನಾಳೆ ಸಭೇಲಿ..." ಅಂದರು.

"ಆ ಮಾತು ಬ್ಯಾಡ ಅಕ್ಕ. ನಂಗೇನಾಯ್ತದೆ? ಕೂಲಿನಾದ್ರೂ ಮಾಡ್ತೀನಿ. ನಿನ್ನ ಹೆಸ್ರು ಕೆಟ್ರೆ ಸಂಘ ಉಳೀತದಾ?"

ಸಂಘ ಉಳಿಯುವುದಿಲ್ಲ. ಅದೇ ಮಾತನ್ನು ಗುರುಸಿದ್ದಮ್ಮ ಒಂದು ವಾರದಿಂದ ತಮಗೆ ತಾವೇ ಹೇಳಿಕೊಂಡಿದ್ದರು. ಈಗ ಅವಳ ಬಾಯಲ್ಲಿ ಕೇಳಿದಾಗ ಹೇಸಿಗೆಯಾಯಿತು.

ಸಂಜೆ ಅರಸೀಕೆರೆಯಿಂದ ಬಂದ ಗಂಡನ ಮುಂದೆ ಬಾಯಿಬಿಟ್ಟರು. ಷಡಕ್ಷರಪ್ಪ ಕೆಟ್ಟ ಮನುಷ್ಯ ಅಲ್ಲ. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಬಂದು ಸಮಾಧಾನವಾಗಿಯೇ ಹೇಳಿದರು.

"ಅವಳೇ ಒಪ್ಕೊಂಡವ್ಳೆ, ನೀನ್ಯಾಕೆ ಹಚ್ಕೊಳ್ತೀಯ? ಕೈ ಬಿಡೋದು ಬ್ಯಾಡ. ನಮ್ಮ ತೋಟದ ತಲೇಲಿ ಒಂದು ತುಂಡು ಖಾಲಿ ಬಿದ್ದೈತಲ್ಲ, ಅದನ್ನ ಅವಳಿಗೆ ಮಾಡ್ಕೊ ಅಂತ ಬಿಟ್ಬಿಡಾಣ. ಇದ್ದಷ್ಟು ದಿನ ತಿನ್ಲಿ."

"ಕಲ್ಲೂ ಒಂದು ನೆಡ್ಸಿ ಮತ್ತೆ," ಅಂದರು ಗುರುಸಿದ್ದಮ್ಮ.

"ಯಾವ ಕಲ್ಲು?"

ಅವರು ಎದ್ದು ಒಳಗೆ ಹೋದರು.

ಸಭೆಯ ದಿನ ಸಂಘದ ಮುಂದೆ ಶಾಮಿಯಾನ ಹಾಕಿದ್ದರು. ಒಕ್ಕೂಟದ ಅಧಿಕಾರಿ ಮೇಜಿನ ಹಿಂದೆ, ಪಕ್ಕದಲ್ಲಿ ಗುರುಸಿದ್ದಮ್ಮ, ಅವರ ಪಕ್ಕ ಕಾರ್ಯದರ್ಶಿ. ಮೇಜಿನ ಮೇಲೆ ಹೊಸ ಕೊಳಗ ಹೊಳೆಯುತ್ತಿತ್ತು. ಹನುಮಮ್ಮ ಕೊನೆಯಲ್ಲಿ ಕಂಬಕ್ಕೆ ಒರಗಿ ನೆಲದ ಮೇಲೆ ಕುಳಿತಿದ್ದಳು, ಅಕ್ಕಪಕ್ಕ ಒಂದಾಳು ಕೂರುವಷ್ಟು ಜಾಗ ಖಾಲಿ.

ಮೊದಲು ಎದ್ದದ್ದು ದ್ರಾಕ್ಷಾಯಣಿ.

"ನಾನು ಹೊಸಬಳು, ತಪ್ಪು ತಿಳೀಬೇಡಿ. ಅವತ್ತು ನಮ್ಮ ಹಾಲೂ ಚರಂಡಿಗೆ ಹೋಯ್ತು. ಡಿಗ್ರಿ ನೋಡೋರೇ ಹಿಂಗೆ ಮಾಡಿದ್ರೆ ಯಾರನ್ನ ನಂಬೋದು? ಹನುಮಕ್ಕನ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಆ ಜಾಗಕ್ಕೆ ಬೇರೆಯೋರು ಬರ್ಬೇಕು."

"ಹೌದೌದು," ಅಂದರು ಕೆಲವರು.

ಗುರುಸಿದ್ದಮ್ಮ ಎದ್ದು ನಿಂತರು. ಹೇಳಬೇಕಾದದ್ದನ್ನು ರಾತ್ರಿಯೆಲ್ಲ ಜೋಡಿಸಿಕೊಂಡಿದ್ದರು. ಒಂದೂ ನೆನಪಿಗೆ ಬರಲಿಲ್ಲ.

"ಆ ಗಿಣ್ಣು ಹನುಮೀದಲ್ಲ, ನಂದು," ಅಂದರು.

ಮುಂದಿನ ಸಾಲಿನ ಒಬ್ಬ ಮುದುಕಿ ಎರಡೂ ಕೈ ಎತ್ತಿ ಮುಗಿದಳು. "ನೋಡ್ರವ್ವ! ಅಧ್ಯಕ್ಷರು ಅಂದ್ರೆ ಹಿಂಗಿರ್ಬೇಕು. ಅವಳ ತಪ್ಪ ತಮ್ಮ ತಲೆ ಮೇಲೆ ಹಾಕ್ಕೊಂತಾವ್ರೆ!"

ಚಪ್ಪಾಳೆ ಬಿತ್ತು. ಹಿಂದಿನವರು ಮುಂದಿನವರನ್ನು ನೋಡಿ ತಟ್ಟಿದರು, ಶಾಮಿಯಾನದ ಹೊರಗೆ ನಿಂತ ಗಂಡಸರೂ ತಟ್ಟಿದರು. ಅಧಿಕಾರಿ ಕೂಡ ನಗುತ್ತ ತಲೆಯಾಡಿಸಿದರು. ದ್ರಾಕ್ಷಾಯಣಿ ತಬ್ಬಿಬ್ಬಾಗಿ, "ಅಮ್ಮೋರು ಇಷ್ಟು ದೊಡ್ಡ ಮನಸ್ಸು ಮಾಡಿದ್ಮೇಲೆ ನಾವೂ ಹನುಮಕ್ಕನ್ನ ಕ್ಷಮಿಸಾಣ ಬಿಡಿ," ಅಂದಳು.

ಗುರುಸಿದ್ದಮ್ಮ ಮೇಜು ಹಿಡಿದುಕೊಂಡರು. ಇಂಥದ್ದು ಆಗಬಹುದು ಅಂತ ಅವರ ಮನಸ್ಸಿಗೇ ಬಂದಿರಲಿಲ್ಲ. ಇಲ್ಲೇ ಕೂತುಬಿಟ್ಟರೆ ಹನುಮಿಯ ಕೆಲಸ ಉಳಿಯುತ್ತದೆ. ತಮ್ಮ ಹೆಸರು ಮೊದಲಿಗಿಂತ ಮೇಲಾಗುತ್ತದೆ. ನಿಜ ಹೇಳಿದ್ದೂ ಆಯಿತು. ಮನಸ್ಸು ಒಂದು ಗಳಿಗೆ ಆ ಕಡೆಗೆ ವಾಲಿತು, ವಾಲಿದ್ದು ಅವರಿಗೇ ಗೊತ್ತಾಯಿತು. ಅದರಷ್ಟು ನಾಚಿಕೆ ಗಿಣ್ಣು ಸುರಿದಾಗಲೂ ಆಗಿರಲಿಲ್ಲ.

"ಚಪ್ಪಾಳೆ ನಿಲ್ಸಿ," ಅಂದರು. "ನಾನು ಯಾರ ತಪ್ಪನ್ನೂ ಹೊತ್ಕೊಂಡಿಲ್ಲ. ನಿಜ ಹೇಳ್ತಾ ಇದೀನಿ."

"ನಂಬಬ್ಯಾಡಿ!" ಹನುಮಮ್ಮ ಎದ್ದು ನಿಂತಿದ್ದಳು. "ಅಕ್ಕ ನನ್ಮೇಲಿನ ಪ್ರೀತಿಗೆ ಹಂಗಂತಾವ್ಳೆ. ನಾನೇ ಸುರಿದಿದ್ದು."

"ಹನುಮಿ, ಕೂತ್ಕೊ."

"ಕೂರಾಕಿಲ್ಲ."

"ಹಂಗಾದ್ರೆ ಹೇಳು. ಅವತ್ತು ಬೆಳಿಗ್ಗೆ ನಿನ್ನ ಹಸೀನ ಗಿಣ್ಣು ಎಲ್ಲಿಗೆ ಹೋಯ್ತು?"

ಹನುಮಮ್ಮ ಕಂಬದ ಕಡೆ ಮುಖ ತಿರುಗಿಸಿದಳು.

"ಅವಳು ಹೇಳಲ್ಲ. ನೀವೇ ಹೇಳಿ," ಗುರುಸಿದ್ದಮ್ಮ ಸಭೆಯ ಕಡೆ ತಿರುಗಿದರು. "ಯಾರ ಮನೇಲಿ ಹನುಮಿ ಕೊಟ್ಟ ಗಿಣ್ಣು ತಿಂದ್ರಿ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಆ ಮುದುಕಿಯೇ, ಕೈಮುಗಿದವಳು, ಅರ್ಧ ಕೈ ಎತ್ತಿದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಹನುಮಮ್ಮನ ಬೀದಿಯವರೆಲ್ಲ. ದ್ರಾಕ್ಷಾಯಣಿ ನಿಂತೇ ಇದ್ದಳು, ಅವಳ ಮುಖ ಕೆಂಪಾಗಿತ್ತು.

"ಅವತ್ತು ಬೆಳಿಗ್ಗೆದು ನಮ್ಮನೆಗೆ ಬಂತು," ಅಂದಳು. "ನಮ್ಮತ್ತೆ ಗಿಣ್ಣು ಗಿಣ್ಣು ಅಂತಿದ್ರು. ಹನುಮಕ್ಕ ಚೊಂಬಿನ ಸಮೇತ ಕೊಟ್ಟು ಹೋದ್ರು. ಇದ್ದಿದ್ದೇ ಅಷ್ಟು ಕಣಮ್ಮ, ಪೂರ್ತಿ ತಗೋ ಅಂದ್ರು."

"ಚೊಂಬು ವಾಪಸ್ ಕೊಟ್ರಾ?" ಅಂತ ಯಾರೋ ಕೇಳಿದರು. ಯಾರೂ ನಗಲಿಲ್ಲ.

"ಈಗ ಇದನ್ನ ಹೇಳಿ," ಅಂದರು ಗುರುಸಿದ್ದಮ್ಮ. "ಅದೇ ವಾರ ನಮ್ಮ ದೊಡ್ಡ ಹಸೂನೂ ಕರ ಹಾಕ್ತು. ನಮ್ಮನೆ ಗಿಣ್ಣು ಯಾರು ತಿಂದ್ರಿ?"

ಒಂದು ಕೈಯೂ ಏಳಲಿಲ್ಲ. ದೊಡ್ಡ ಮನೆಯವರು ಕೊಡಲಿಲ್ಲ ಅಂತ ಯಾರಿಗೂ ಅನ್ನಿಸಿಯೂ ಇರಲಿಲ್ಲ. ತೋಟದ ಆಳುಗಳು ತಿಂದಿರಬೇಕು ಅಂದುಕೊಂಡಿದ್ದರು. ಒಪ್ಪಿಕೊಂಡವಳು ಒಬ್ಬಳು ಸಿಕ್ಕ ಮೇಲೆ ಬೇರೆ ಯೋಚನೆ ಯಾರು ಮಾಡುತ್ತಾರೆ? ಈಗ ಒಬ್ಬೊಬ್ಬರಿಗೇ ಅರ್ಥವಾಗುತ್ತ ಬಂತು. ಅಧ್ಯಕ್ಷೆ ಏನು ಮಾಡಿದರು ಅನ್ನುವುದೊಂದೇ ಅಲ್ಲ. ಯಾರ ಮನೆಯ ಬೆಲ್ಲದ ಗಿಣ್ಣನ್ನು ಬಾಯಿ ಚಪ್ಪರಿಸಿ ತಿಂದಿದ್ದರೋ ಅವಳನ್ನೇ ಬೀದಿಯಲ್ಲಿ ಗಿಣ್ಣು ಮಾರಿದೋಳು ಅಂದಿದ್ದರು. ಎತ್ತಿದ ಕೈಗಳು ಒಂದೊಂದಾಗಿ ಇಳಿದು ಸೆರಗಿನೊಳಗೆ ಸೇರಿಕೊಂಡವು. ತಲೆಗಳು ತಗ್ಗಿದವು.

ಕಾರ್ಯದರ್ಶಿ ಪೆನ್ನು ಹಿಡಿದು ಹಾಗೇ ಕುಳಿತಿದ್ದಳು. ಅಧಿಕಾರಿ ಕೆಮ್ಮಿ, "ನಡಾವಳೀಲಿ ಏನಂತ ಬರೀಬೇಕು ಮೇಡಂ?" ಅಂದರು.

"ಇದ್ದಂಗೆ ಬರೀರಿ," ಅಂದರು ಗುರುಸಿದ್ದಮ್ಮ. "ಅಧ್ಯಕ್ಷೆ ಗಿಣ್ಣು ಸುರಿದ್ಳು. ತಪ್ಪು ಇನ್ನೊಬ್ಳ ಮೇಲೆ ಹೋಗೋಕೆ ಬಿಟ್ಟು ಸುಮ್ಮನಿದ್ಳು. ಇವತ್ತಿಂದ ಅಧ್ಯಕ್ಷೆ ಅಲ್ಲ. ಆ ಕೊಳಗ ದ್ರಾಕ್ಷಾಯಣಿಗೆ ಕೊಡಿ."

"ನಂಗೆ ಬ್ಯಾಡ," ಅಂದಳು ದ್ರಾಕ್ಷಾಯಣಿ. ತಲೆಯೆತ್ತಲಿಲ್ಲ.

ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜನ ಎದ್ದು ಎರಡು ಕಡೆ ಸರಿದು ದಾರಿ ಬಿಟ್ಟರು, ಅವರು ನಡುವೆ ನಡೆದು ಬಂದರು. ಕಂಬದ ಬುಡ ಖಾಲಿಯಿತ್ತು. ಹನುಮಮ್ಮ ಯಾವಾಗಲೋ ಎದ್ದು ಹೋಗಿದ್ದಳು.

ಹೊತ್ತು ಇಳಿದ ಮೇಲೆ ಗುರುಸಿದ್ದಮ್ಮ ಅವಳ ಮನೆಗೆ ಹೋದರು. ಹನುಮಮ್ಮ ಕೊಟ್ಟಿಗೆ ಗುಡಿಸುತ್ತಿದ್ದಳು. ಬಾ ಅನ್ನಲಿಲ್ಲ. ಗುಡಿಸುವುದನ್ನು ನಿಲ್ಲಿಸಲೂ ಇಲ್ಲ.

"ಕೆಲ್ಸ ನಿಂದೇ ಅಂತ ಬರೆದವ್ರೆ," ಅಂದರು ಗುರುಸಿದ್ದಮ್ಮ.

"ಗೊತ್ತಾಯ್ತು. ಸೆಕ್ರೆಟ್ರಿ ಬಂದಿದ್ಲು."

"ಹನುಮಿ..."

"ಊರ ಮುಂದೆ ನನ್ನ ಸುಳ್ಳಿ ಮಾಡ್ಬಿಟ್ಟೆ," ಅಂದಳು ಹನುಮಮ್ಮ, ಬೆನ್ನು ಮಾಡಿಯೇ. ಗುರುಸಿದ್ದಮ್ಮನಿಗೆ ಆ ದನಿಯಲ್ಲಿ ಅವಳು ಮಾತಾಡಿದ ನೆನಪೇ ಇರಲಿಲ್ಲ. "ನೀನು ಹೊಸ್ಲು ಮೇಲೆ ಕೂತಿದ್ದೆ. ನಾನು ನಿಂಗೆ ಏನು ಕೊಡ್ಲಿ ಅಂತ ಇಷ್ಟು ವರ್ಷ ಒದ್ದಾಡಿದೆ. ನಂತಾವ ಕೊಡೋಕೆ ಇದ್ದಿದ್ದು ನನ್ನ ಹೆಸ್ರೊಂದೇ. ಕೊಟ್ಟೆ. ಬ್ಯಾಡ ಅನ್ನೋದಾಗಿದ್ರೆ ಅವತ್ತೇ ಅನ್ಬೇಕಿತ್ತು, ಆ ಸಾಹೇಬ್ರ ಮುಂದೇನೇ. ತಗೊಂಡು, ಒಂದು ವಾರ ಮಡಿಕ್ಕೊಂಡು, ಜನ ನನ್ನ ಏನೇನೋ ಅಂದ್ಮೇಲೆ, ಎಲ್ಲರ ಮುಂದೆ ಎಸ್ದೆ."

ಗುರುಸಿದ್ದಮ್ಮ ಕೊಟ್ಟಿಗೆಯೊಳಕ್ಕೆ ಒಂದು ಹೆಜ್ಜೆ ಇಟ್ಟರು.

"ಒಂದು ಕೇಳ್ತೀನಿ, ನಿಜ ಹೇಳು." ಹನುಮಮ್ಮ ಪೊರಕೆ ಬಿಟ್ಟು ತಿರುಗಿದಳು. "ಆ ಫ್ರಾನ್ಸಮ್ಮ ಬರದೇ ಇದ್ದಿದ್ರೆ, ಇವತ್ತು ಎದ್ದು ನಿಲ್ತಿದ್ಯಾ? ನಂಗೋಸ್ಕರ ನಿಂತ್ಯಾ, ಅವಳು ಕೇಳಿದ ಮಾತು ತಡೀಲಾರ್ದೆ ನಿಂತ್ಯಾ?"

ನಿಲ್ಲುತ್ತಿದ್ದೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಅವಳು ನಂಬುತ್ತಾಳೆ. ನಂಬುವುದು ಅವಳಿಗೆ ಅಭ್ಯಾಸ.

"ಗೊತ್ತಿಲ್ಲ ಕಣೇ," ಅಂದರು.

ಹನುಮಮ್ಮ ಕಾಲಿನಿಂದ ಒಂದು ಮಣೆಯನ್ನು ಅವರ ಕಡೆ ಸರಿಸಿದಳು. ಕೂತ್ಕೊ ಅಂತ ಬಾಯಲ್ಲಿ ಹೇಳಲಿಲ್ಲ. ಗುರುಸಿದ್ದಮ್ಮ ಕುಳಿತರು.

ಹನುಮಮ್ಮ ಹುಲ್ಲು ಹಾಕಿದಳು, ನೀರು ಇಟ್ಟಳು, ಕರುವನ್ನು ಬಿಟ್ಟು ಕಟ್ಟಿದಳು. ಯಾರು ಬಂದರೂ ಮೊದಲು ಕಾಫಿ ಅನ್ನುವವಳು ಅವಳು. ಅಂದು ಅನ್ನಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ಬಗ್ಗಿ ನೋಡಿ ಹೋದರು. ಗುರುಸಿದ್ದಮ್ಮನಿಗೆ ಎದ್ದು ಹೋಗಬೇಕು ಅಂತ ಎಷ್ಟೋ ಸಲ ಅನ್ನಿಸಿತು. ಆದರೂ ಮಣೆ ಬಿಟ್ಟು ಏಳಲಿಲ್ಲ.